ಚಕ್ರದ ಮೇಲಿನ ಸಂಸಾರ

ಸಂಸಾರವನ್ನು ಕಟ್ಟಿಕೊಂಡು ಊರಾಚೆ ಹೊರಡುವುದು ನಮ್ಮ ಹಿರಿಯರಿಗೆ ಹೊಸದೇನೂ ಆಗಿರಲಿಲ್ಲ. ಕಮಾನುಗಾಡಿಯೊಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನೆ ಹರಡಿ, ಬುತ್ತಿಯ ಗಂಟನ್ನೂ ನೀರಿನ ತಂಬಿಗೆಯನ್ನೂ ಮಕ್ಕಳನ್ನೂ ತುಂಬಿಕೊಂಡು, ಗಾಡಿಯ ಕೆಳಗೆ ಕಂದೀಲನ್ನೂ ಕೀಲೆಣ್ಣೆಯ ಗೊಟ್ಟವನ್ನೂ ತೂಗಹಾಕಿ, ಎರಡು ರಾತ್ರಿ ಮೂರು ಹಗಲು ನಡೆದು ಜಾತ್ರೆಯನ್ನು ಮುಟ್ಟುತ್ತಿದ್ದವರ ಮೊಮ್ಮಗನಾದ ನಾನು, ಎಪ್ಪತ್ತರ ಅಂಚಿನಲ್ಲಿ, ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಗಳ ಮನೆಯ ಮುಂದೆ ಬಂದು ನಿಂತ 28 ಅಡಿ ಉದ್ದದ ಬಾಡಿಗೆ ವಾಹನವೊಂದನ್ನು ಕಂಡು ಬೆರಗಾಗಬೇಕಾದ ಕಾರಣವಿರಲಿಲ್ಲ, ಆದರೂ ಬೆರಗಾದೆನು. ಒಳಗೆ ಎರಡು ಹಾಸಿಗೆ, ಮೂರು ಉರಿಯ ಒಲೆ, ಶೀತಕಪೆಟ್ಟಿಗೆ, ಬಚ್ಚಲು, ಕಕ್ಕಸು, ಊಟದ ಮೇಜು, ಇಷ್ಟೂ ಇದ್ದವು. ಆ ದೇಶದವರು ಇದನ್ನು ಆರ್.ವಿ. ಎಂದು ಎರಡಕ್ಷರದಲ್ಲಿ ಕರೆಯುತ್ತಾರೆ. ವಿಹಾರ ವಾಹನವೆಂದು ನಾವು ಅರ್ಥಮಾಡಿಕೊಳ್ಳಬಹುದು.

ಅದರಲ್ಲಿ ಐವರು, ಎಂದರೆ ಮಗಳು, ಅಳಿಯಂದಿರು, ಮೊಮ್ಮಗ ಮತ್ತು ನಾವಿಬ್ಬರು ವೃದ್ಧರು, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬಂದ ಒಂಬತ್ತು ದಿನಗಳಲ್ಲಿ ನಾನು ಕಂಡುಕೊಂಡ ಸತ್ಯವೊಂದುಂಟು. ಊರಿನಲ್ಲಿ ನೆಲೆನಿಂತ ಮನೆಯು ನೀರು ಎಲ್ಲಿಂದ ಬಂದಿತು, ಕೊಳಚೆ ಎಲ್ಲಿಗೆ ಹೋಯಿತು, ದೀಪ ಎಷ್ಟು ಉಂಡಿತು ಎಂಬುದನ್ನೆಲ್ಲ ಗೋಡೆಯೊಳಗೂ ನೆಲದಡಿಯೂ ಮುಚ್ಚಿಟ್ಟು, ಗೃಹಸ್ಥನನ್ನು ನಿಶ್ಚಿಂತನನ್ನಾಗಿಯೂ ಒಂದಿಷ್ಟು ಅಜ್ಞಾನಿಯನ್ನಾಗಿಯೂ ಮಾಡಿಬಿಡುತ್ತದೆ. ಚಕ್ರದ ಮೇಲಿನ ಮನೆಯಾದರೋ ಆ ಮುಚ್ಚಳಗಳನ್ನೆಲ್ಲ ತೆರೆದು ದಿನಕ್ಕೆ ಎರಡು ಬಾರಿ ಲೆಕ್ಕ ಕೇಳುತ್ತದೆ. ಈ ಪ್ರವಾಸಕ್ಕೆಂದು ಅಂಗಡಿಗಳಲ್ಲಿ ಮಾರಾಟವಾಗುವ ನೂರಾರು ಪರಿಕರಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ತೂಗಲು ನನಗೆ ಒದಗಿದ ತಕ್ಕಡಿಯೂ ಇದೇ: ಲೆಕ್ಕವನ್ನು ಕಣ್ಣಿಗೆ ತೋರಿಸುವ ಉಪಕರಣವು ಬೇಕಾದುದು, ಲೆಕ್ಕವನ್ನು ಮರೆಸುವುದು ಬೇಡವಾದುದು.

ಈ ಬಗೆಯ ವಿಹಾರಕ್ಕೆ ಇತಿಹಾಸವೂ ಉಂಟು. ನೌಕಾದಳದಲ್ಲಿ ವೈದ್ಯನಾಗಿದ್ದು ಆಮೇಲೆ ಬಾಲಕರ ಕಥೆಗಳನ್ನು ಬರೆದು ಹೆಸರಾದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬಾತನು 1885ರಲ್ಲಿ ‘ವಾಂಡರರ್’ ಎಂಬ ಹೆಸರಿನ ಮನೆಗಾಡಿಯನ್ನು ಕಟ್ಟಿಸಿ, ಎರಡು ಕುದುರೆ ಹೂಡಿ, ಇಂಗ್ಲೆಂಡಿನ ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಕೇವಲ ಸಂತೋಷಕ್ಕಾಗಿ ಪಯಣಿಸಿದನು. ಆತನ ಸೇವಕನು ಮೂರುಗಾಲಿಯ ಸೈಕಲ್ಲನ್ನೇರಿ ಮುಂದೆ ಹೋಗಿ ದಾರಿಯನ್ನು ನೋಡಿಬರುತ್ತಿದ್ದನು. ಅಮೆರಿಕದಲ್ಲಿ 1919ರಲ್ಲಿ ಫ್ಲಾರಿಡಾದ ಟಾಂಪಾ ನಗರದಲ್ಲಿ ಮೋಟಾರು ಶಿಬಿರವಾಸಿಗಳು ಸೇರಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನು ಕಟ್ಟಿದರು. ತಗಡಿನ ಡಬ್ಬಿಯ ಆಹಾರವನ್ನು ಕಾಯಿಸಿ ಉಣ್ಣುತ್ತಿದ್ದುದರಿಂದ ಆ ಹೆಸರು ಬಂದಿತೆನ್ನುತ್ತಾರೆ. 1930ರ ದಶಕದಲ್ಲಿ ವಾಲಿ ಬಯಾಮ್ ಎಂಬಾತನ ಏರ್‌ಸ್ಟ್ರೀಮ್ ಸಂಸ್ಥೆಯು ವಿಮಾನದಂತೆ ಹೊಳೆಯುವ ಅಲ್ಯೂಮಿನಿಯಂ ಗಾಡಿಗಳನ್ನು ಹೊರತಂದಿತು. ಈಗ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರೇ ಈ ಉದ್ಯಮದ ರಾಜಧಾನಿಯೆನಿಸಿದೆ.

ಮೊದಲು ರಸಮಟ್ಟ

ಮೊದಲ ರಾತ್ರಿ ಐಡಾಹೊ ಫಾಲ್ಸ್ ಬಳಿಯ ಖಾಸಗಿ ಶಿಬಿರಸ್ಥಾನವನ್ನು ತಲಪಿದಾಗ, ನಾನು ಇಳಿದು ಕೈಕಾಲು ಚಾಚಿ ಕಾಫಿಯ ಮಾತೆತ್ತಿದೆನು. “ಮಾವ, ಮೊದಲು ಮನೆ ಮಟ್ಟವಾಗಿ ನಿಲ್ಲಲಿ, ಆಮೇಲೆ ಕಾಫಿ” ಎಂದು ಅಳಿಯಂದಿರು ಜೇಬಿನಿಂದ ಬೆರಳುದ್ದದ ರಸಮಟ್ಟವೊಂದನ್ನು ತೆಗೆದರು. ನಮ್ಮ ಗಾರೆಯವರು ಗೋಡೆಯ ಮೇಲಿಟ್ಟು ನೋಡುವ ಅದೇ ಗುಳ್ಳೆಯ ಸಾಧನ. ಅದನ್ನು ನೆಲದ ಮೇಲಿಟ್ಟು ವಾಹನವು ಯಾವ ಮಗ್ಗುಲಿಗೆ ವಾಲಿದೆಯೆಂದು ಕಂಡುಕೊಂಡು, ಒಂದರೊಳಗೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಹಲಗೆಬಿಲ್ಲೆಗಳನ್ನು ತಗ್ಗಿನ ಕಡೆಯ ಚಕ್ರಗಳ ಮುಂದೆ ಜೋಡಿಸಿ, ವಾಹನವನ್ನು ಮೆಲ್ಲಗೆ ಅವುಗಳ ಮೇಲೆ ಹತ್ತಿಸಿ, ಬಳಿಕ ಲಾರಿಯ ಕ್ಲೀನರು ಗಾಲಿಗೆ ಕಲ್ಲು ಕೊಡುವಂತೆ ಚಕ್ರಗಳ ಹಿಂದೂ ಮುಂದೂ ಅಡೆಗಳನ್ನಿಟ್ಟರು.

ನಿದ್ದೆಯಲ್ಲಿ ಉರುಳದಿರಲಿ ಎಂಬುದಷ್ಟೇ ಇದರ ಕಾರಣವೆಂದು ನಾನು ಭಾವಿಸಿದ್ದೆನು. ನಿಜವಾದ ಕಾರಣವು ಶೀತಕಪೆಟ್ಟಿಗೆಯೊಳಗಿದ್ದಿತು. ಅನೇಕ ಆರ್.ವಿ.ಗಳಲ್ಲಿರುವ ಪೆಟ್ಟಿಗೆಗೆ ನಮ್ಮ ಮನೆಯದರಂತೆ ಕಂಪ್ರೆಸರ್ ಇರುವುದಿಲ್ಲ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ರೂಪಿಸಿದ ಕ್ರಮದಂತೆ ಅದು ಬೆಂಕಿಯ ಉರಿಯಿಂದಲೇ ತಂಪನ್ನು ಹುಟ್ಟಿಸುತ್ತದೆ: ಉರಿಯ ಶಾಖಕ್ಕೆ ನೀರಿನಿಂದ ಬೇರ್ಪಟ್ಟ ಅಮೋನಿಯಾ ಮೇಲೇರಿ, ತಣಿದು ದ್ರವವಾಗಿ, ಮತ್ತೆ ಆವಿಯಾಗುತ್ತ ಪೆಟ್ಟಿಗೆಯ ಶಾಖವನ್ನು ಹೀರಿ, ಕೊನೆಗೆ ನೀರಿನೊಡನೆ ಕೂಡಿ ತನ್ನ ಭಾರದಿಂದಲೇ ಕೆಳಗಿಳಿದು ಬರುತ್ತದೆ. ವಾಹನವು ಬಹಳ ವಾಲಿ ನಿಂತರೆ ಆ ದ್ರವವು ಇಳಿಯದೆ ಕೊಳವೆಯಲ್ಲಿಯೇ ನಿಂತು, ಪೆಟ್ಟಿಗೆಯು ತಂಪಾಗದಿರುವುದಷ್ಟೇ ಅಲ್ಲ, ಶಾಶ್ವತವಾಗಿ ಕೆಟ್ಟುಹೋಗಲೂ ಬಹುದು. ಕೆಲವೇ ಡಾಲರಿನ ರಸಮಟ್ಟವು ಸಾವಿರಾರು ಡಾಲರಿನ ಯಂತ್ರವನ್ನು ಕಾಯುವುದು ಹೀಗೆ.

ನೀರಿನ ಆಯವ್ಯಯ

ನಮ್ಮ ವಾಹನದ ಶುದ್ಧ ನೀರಿನ ತೊಟ್ಟಿಯು 40 ಗ್ಯಾಲನ್ನಿನದು, ಎಂದರೆ ಸುಮಾರು 150 ಲೀಟರು. ತುಂಬಿದಾಗ ಅಷ್ಟೇ ಕಿಲೋ ಭಾರ. ಇಬ್ಬರು ದಪ್ಪನೆಯ ನೆಂಟರನ್ನು ಹೆಚ್ಚಿಗೆ ಕೂರಿಸಿಕೊಂಡಂತೆ. ಹುಕಪ್ ಎಂದು ಅಲ್ಲಿನವರು ಹೇಳುವ ನಲ್ಲಿ, ವಿದ್ಯುತ್ತು ಮತ್ತು ಕೊಳಚೆಯ ಜೋಡಣೆಗಳಿರುವ ಶಿಬಿರಸ್ಥಾನಕ್ಕೆ ಹೋಗುವವರು ತೊಟ್ಟಿಯ ತುಂಬ ನೀರು ಹೊತ್ತು ಇಂಧನವನ್ನು ಸುಡಬೇಕಾದುದಿಲ್ಲ. ಅವಿಲ್ಲದ ಕಾಡಿನ ಸ್ಥಾನಕ್ಕೆ ಹೋಗುವವರು ಒಂದು ಹನಿಯನ್ನೂ ಕಡಮೆ ತುಂಬಕೂಡದು.

ನಲ್ಲಿಗೆ ಕೊಳವೆ ಸಿಕ್ಕಿಸುವ ಮುನ್ನ ನಡುವೆ ಕೂಡಿಸಲೇಬೇಕಾದ ಹಿತ್ತಾಳೆಯ ಪುಟ್ಟ ಸಾಧನವೊಂದುಂಟು. ಅದು ಒತ್ತಡ ನಿಯಂತ್ರಕ. ಕೆಲವು ಶಿಬಿರಗಳ ನಲ್ಲಿಯಲ್ಲಿ ನೀರು ಎಷ್ಟು ರಭಸದಿಂದ ಬರುತ್ತದೆಂದರೆ ವಾಹನದೊಳಗಿನ ತೆಳುವಾದ ಕೊಳವೆಗಳ ಕೀಲುಗಳು ಬಿಚ್ಚಿ, ಗೋಡೆಯ ಹಿಂದೆ ಗುಟ್ಟಾಗಿ ಒದ್ದೆಯಾಗುತ್ತ ಹೋಗುತ್ತದೆ. ನಿಯಂತ್ರಕವು ಅದನ್ನು ಚದರ ಅಂಗುಲಕ್ಕೆ ಸುಮಾರು 45 ಪೌಂಡಿಗೆ ಇಳಿಸುತ್ತದೆ. ಕುಡಿಯುವ ನೀರಿಗೆಂದೇ ಮಾಡಿದ ಬಿಳಿಯ ಅಥವಾ ನೀಲಿಯ ಕೊಳವೆಯನ್ನೇ ಬಳಸತಕ್ಕದ್ದು. ತೋಟದ ಹಸಿರು ಕೊಳವೆಯ ನೀರಿಗೆ ರಬ್ಬರಿನ ವಾಸನೆಯಷ್ಟೇ ಅಲ್ಲದೆ ದೋಷವೂ ಅಂಟಬಹುದು.

ಸ್ನಾನದ ವಿಷಯದಲ್ಲಿ ನನ್ನ ಮನೆಯಾಕೆಯೇ ಆ ವಾಹನದಲ್ಲಿದ್ದ ಎಲ್ಲರಿಗೂ ಗುರುವಾದಳು. ನೀರು ಕಾಯಿಸುವ ಪಾತ್ರೆಯು 6 ಗ್ಯಾಲನ್ನಿನದು, ಸುಮಾರು 23 ಲೀಟರು. ಮೇಲಿನ ಜಾಲರಿಯನ್ನು ತಿರುಗಿಸಿ ನಿಂತವರು ನಾಲ್ಕು ನಿಮಿಷದಲ್ಲಿ ಅದನ್ನು ಬರಿದುಮಾಡಿ, ಎರಡನೆಯವರಿಗೆ ಹಿಮಾಲಯದ ಪುಣ್ಯವನ್ನು ದಯಪಾಲಿಸುತ್ತಿದ್ದರು. ಆಕೆಯು ಅಂಗಡಿಯಿಂದ ಮಡಿಸುವ ರಬ್ಬರ್ ಬಕೆಟ್ಟೊಂದನ್ನು ತರಿಸಿ, ಊರಿನಿಂದ ತಂದ ಸ್ಟೀಲಿನ ತಂಬಿಗೆಯನ್ನು ಅದರೊಳಗಿಟ್ಟು, ಒಬ್ಬರಿಗೆ ಒಂದು ಬಕೆಟ್ಟೆಂದು ಆಜ್ಞೆ ಮಾಡಿದಳು. ಅಂದಿನಿಂದ ಐವರಿಗೂ ಬಿಸಿನೀರು ದೊರೆಯಿತು.

ಕೈಗವಸಿನ ಪಾಠ

ಈಗ ಹೇಳಬೇಕಾದ ಮಾತನ್ನು ಸಭ್ಯರ ಪುರವಣಿಯಲ್ಲಿ ಬರೆಯಬಹುದೇ ಎಂದು ಅರೆಗಳಿಗೆ ಹಿಂಜರಿದೆನು; ಹಿಂಜರಿಯುವುದೇ ತಪ್ಪೆಂದು ತಿಳಿದುದರಿಂದ ಬರೆಯುತ್ತಿದ್ದೇನೆ. ವಾಹನದ ಕೆಳಗೆ ಮತ್ತೆರಡು ತೊಟ್ಟಿಗಳಿರುತ್ತವೆ: ಬಚ್ಚಲು ಮತ್ತು ಪಾತ್ರೆ ತೊಳೆದ ನೀರಿನ ಬೂದು ತೊಟ್ಟಿ, ಕಕ್ಕಸಿನ ಕಪ್ಪು ತೊಟ್ಟಿ. ಕೆಲವು ದಿನಗಳಿಗೊಮ್ಮೆ ಗೊತ್ತಾದ ಸ್ಥಳದಲ್ಲಿ ಇವನ್ನು ಬರಿದುಮಾಡುವುದು ಯಜಮಾನನ ಕೆಲಸ.

ಅದಕ್ಕೆ ಕ್ರಮವುಂಟು. ಕಪ್ಪು ತೊಟ್ಟಿಯ ಬಾಗಿಲನ್ನು ಸದಾ ಮುಚ್ಚಿಯೇ ಇಟ್ಟು, ಮೂರರಲ್ಲೆರಡು ಪಾಲು ತುಂಬಿದ ಮೇಲೆಯೇ ತೆರೆಯಬೇಕು. ಮೊದಲೇ ತೆರೆದಿಟ್ಟರೆ ನೀರು ಹರಿದುಹೋಗಿ ಘನವಸ್ತುವು ತಳದಲ್ಲಿ ಹುತ್ತಗಟ್ಟುತ್ತದೆ. ಮೊದಲು ಕಪ್ಪು ತೊಟ್ಟಿ, ಅನಂತರ ಬೂದು ತೊಟ್ಟಿ. ಎರಡನೆಯದರ ಸಾಬೂನಿನ ನೀರು ಕೊಳವೆಯನ್ನು ತಾನೇ ತೊಳೆಯುತ್ತದೆ. ಕೊಳವೆಯ ತುದಿಗೆ ಪಾರದರ್ಶಕವಾದ ಬಾಗುಕೊಳವೆಯೊಂದನ್ನು ಸಿಕ್ಕಿಸಿದರೆ ಶುದ್ಧವಾಯಿತೇ ಇಲ್ಲವೇ ಎಂಬುದು ಕಣ್ಣಿಗೆ ಕಾಣುತ್ತದೆ. ಒಮ್ಮೆ ಹಾಕಿ ಎಸೆಯುವ ಕೈಗವಸುಗಳ ಪೆಟ್ಟಿಗೆಯನ್ನು ಹತ್ತಿರದಲ್ಲಿಯೇ ಇಡತಕ್ಕದ್ದು. ಈ ಕೊಳವೆಯನ್ನೂ ಕುಡಿಯುವ ನೀರಿನದನ್ನೂ ಒಂದೇ ಗೂಡಿನಲ್ಲಿ ಎಂದೂ ಇಡತಕ್ಕದ್ದಲ್ಲ.

ನಾಲ್ಕನೆಯ ದಿನ ನಾನೇ ಹಟಹಿಡಿದು ಕೈಗವಸು ತೊಟ್ಟು ಆ ಕೆಲಸಕ್ಕೆ ನಿಂತೆನು. ಹತ್ತು ನಿಮಿಷದ ಕೆಲಸ. ಮುಗಿದ ಮೇಲೆ ಬಹಳ ಹೊತ್ತು ಮಾತು ಬರಲಿಲ್ಲ. ನನ್ನ ಬಾಲ್ಯದ ಊರಿನ ಹಿತ್ತಿಲುಗಳಲ್ಲಿ ಇದೇ ಕೆಲಸವನ್ನು ಕೈಗವಸೂ ಇಲ್ಲದೆ ಮಾಡಿ, ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದವರು ಇದ್ದರು; ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲಿ, ನಮ್ಮ ರಾಜ್ಯದಲ್ಲಿ ಆ ಪದ್ಧತಿಯು ನಿಷೇಧವಾಯಿತು. ಅವರ ಮುಖಗಳನ್ನು ನಾವು ನೋಡುತ್ತಿರಲಿಲ್ಲ. ಅಮೆರಿಕದ ಆ ಶಿಬಿರದಲ್ಲಾದರೋ, ನನ್ನ ಹಿಂದೆ ತನ್ನ ಸರದಿಗಾಗಿ ಕಾದು ನಿಂತಿದ್ದವನು ನಿವೃತ್ತ ನ್ಯಾಯಾಧೀಶನೆಂದು ಆಮೇಲೆ ತಿಳಿಯಿತು.

ವಿದ್ಯುತ್ತಿನ ಮಿತಿ

ಮೊದಲ ರಾತ್ರಿಯ ಕಾಫಿಯ ಕಥೆಯನ್ನು ಪೂರ್ತಿಮಾಡಬೇಕು. ಜುಲೈ ತಿಂಗಳ ಸೆಖೆ. ಮೇಲೆ ಹವಾನಿಯಂತ್ರಕ ತಿರುಗುತ್ತಿದ್ದಿತು. ಮೊಮ್ಮಗನು ಮೈಕ್ರೋವೇವಿನಲ್ಲಿ ಏನನ್ನೋ ಬಿಸಿಮಾಡುತ್ತಿದ್ದನು. ನಾನು ವಿದ್ಯುತ್ ಕೆಟಲಿನ ಗುಂಡಿಯನ್ನು ಅದುಮಿದೆನು. ಎಲ್ಲವೂ ಒಮ್ಮೆಗೇ ನಿಂತು ಕತ್ತಲಾಯಿತು. ಅಳಿಯಂದಿರು ಬೈಯಲಿಲ್ಲ, ಕಾಗದದ ಮೇಲೆ ಗುಣಾಕಾರ ಮಾಡಿ ತೋರಿಸಿದರು. ಶಿಬಿರದ ಕಂಬವು ಕೊಡುವುದು 30 ಆಂಪಿಯರ್; ಆ ದೇಶದ ವೋಲ್ಟೇಜು 120; ಒಟ್ಟು 3600 ವಾಟ್. ಹವಾನಿಯಂತ್ರಕ, ಮೈಕ್ರೋವೇವು, ಕೆಟಲು ಇವು ಒಂದೊಂದೂ ಸುಮಾರು 1500 ವಾಟ್ ಬೇಡುವವು. ಇಬ್ಬರಿಗೆ ಊಟವಿದೆ, ಮೂರನೆಯವನು ಕಾಯಬೇಕು. ಅಂದಿನಿಂದ ಊರಿನಿಂದ ತಂದಿದ್ದ ಸ್ಟೀಲಿನ ಕಾಫಿ ಫಿಲ್ಟರ್ ಕೆಲಸಕ್ಕೆ ಬಂದಿತು. ಅದು ಯಾರಿಂದಲೂ ವಾಟ್ ಬೇಡುವುದಿಲ್ಲ. ನಮ್ಮ ಊರಿನ 230 ವೋಲ್ಟಿನ ಮಿಕ್ಸಿಯನ್ನು ಹೊತ್ತೊಯ್ಯುವ ತಾಯಂದಿರಿಗೂ ಒಂದು ಮಾತು: ಅಲ್ಲಿ ಅದು ನರಳುವುದೇ ಹೊರತು ಚಟ್ನಿಯನ್ನು ಅರೆಯದು.

ಕಂಬದ ತಂತಿಗಳೇ ತಪ್ಪಾಗಿ ಕೂಡಿದ್ದರೆ, ವೋಲ್ಟೇಜು ಏರಿಳಿದರೆ, ವಾಹನದ ಯಂತ್ರಗಳೆಲ್ಲ ಸುಟ್ಟುಹೋಗಬಹುದು. ಕಂಬಕ್ಕೂ ವಾಹನದ ತಂತಿಗೂ ನಡುವೆ ಸಿಕ್ಕಿಸುವ ಸರ್ಜ್ ಪ್ರೊಟೆಕ್ಟರ್ ಎಂಬ ಪೆಟ್ಟಿಗೆಯು ಮೊದಲು ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಒಳಕ್ಕೆ ಬಿಡುತ್ತದೆ.

ಹುಕಪ್ ಇಲ್ಲದೆಡೆ ಆಧಾರವೆಲ್ಲ 12 ವೋಲ್ಟಿನ ಬ್ಯಾಟರಿಯೇ. ಯೆಲ್ಲೋಸ್ಟೋನ್ ಸರೋವರದ ಬಳಿ, ಗ್ರಾಂಟ್ ವಿಲೇಜ್ ಎಂಬ ಶಿಬಿರದಲ್ಲಿ ತಂಗಿದ ರಾತ್ರಿ, ಬೇಸಗೆಯಾದರೂ ಹಿಮಬಿಂದುವಿನ ಹತ್ತಿರದ ಚಳಿ. ಅನಿಲದಿಂದ ಉರಿಯುವ ಶಾಖಯಂತ್ರವಿದೆಯೆಂದು ನಿಶ್ಚಿಂತೆಯಿಂದ ಮಲಗಿದೆವು. ಬೆಳಗಿನ ಜಾವ ನಡುಗುತ್ತ ಎದ್ದೆವು. ಅನಿಲವು ಬೇಕಾದಷ್ಟಿದ್ದಿತು, ಆದರೆ ಬಿಸಿಗಾಳಿಯನ್ನು ಊದುವ ಪಂಖವು ಬ್ಯಾಟರಿಯಿಂದ ತಿರುಗತಕ್ಕದ್ದು, ಬ್ಯಾಟರಿಯು ಬರಿದಾಗಿದ್ದಿತು. ರಾತ್ರಿಯ ಹೊತ್ತು ಜನರೇಟರನ್ನು ಹಚ್ಚುವುದು ಅಲ್ಲಿ ನಿಷಿದ್ಧ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಸ್ಸು ಸವೆಯುತ್ತದೆ. ಆದುದರಿಂದ 100 ಆಂಪಿಯರ್-ಗಂಟೆಯದೆಂದು ಬರೆದಿದ್ದರೂ ನಮ್ಮ ಕೈಗೆ ಬರುವುದು 50 ಮಾತ್ರ. ಲಿಥಿಯಂ ಬ್ಯಾಟರಿಯು ಹಗುರ, ಬಹುಪಾಲು ಬಳಕೆಗೆ ಒದಗುವುದು. ಆದರೆ ಹಿಮಬಿಂದುವಿನ ಕೆಳಗೆ ಅದನ್ನು ಚಾರ್ಜುಮಾಡಕೂಡದು. ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಅಂಕಿಯಲ್ಲಿ ತೋರಿಸುವ ಮಾಪಕವೊಂದಿದ್ದಿದ್ದರೆ ಆ ನಡುಕ ತಪ್ಪುತ್ತಿದ್ದಿತು.

ಅನಿಲ ಮತ್ತು ಅನ್ನ

ನಮ್ಮ ಮನೆಯ ಸಿಲಿಂಡರಿನಲ್ಲಿರುವುದು ಬ್ಯುಟೇನ್ ಮತ್ತು ಪ್ರೊಪೇನುಗಳ ಮಿಶ್ರಣ. ಅಮೆರಿಕದ ವಾಹನಗಳಲ್ಲಿರುವುದು ಪ್ರೊಪೇನ್. ಬ್ಯುಟೇನ್ ಸೊನ್ನೆ ಡಿಗ್ರಿಯ ಸುಮಾರಿಗೆ ಆವಿಯಾಗದೆ ದ್ರವವಾಗಿಯೇ ಕುಳಿತುಬಿಡುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಆವಿಯಾಗುವುದರಿಂದ ಚಳಿನಾಡಿಗೆ ಅದೇ ತಕ್ಕದ್ದು. ಅದು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡುತ್ತದೆ. ಅನಿಲದ ಎಚ್ಚರಗಂಟೆಯನ್ನು ಪಾದದೆತ್ತರದಲ್ಲಿ ಕೂರಿಸಿರುವುದು ಆ ಕಾರಣದಿಂದ. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡಿಗೆ ಬೇರೆ ಎಚ್ಚರಗಂಟೆಯಿರುತ್ತದೆ. ಎರಡನ್ನೂ ಹೊರಡುವ ಮುನ್ನ ಗುಂಡಿಯೊತ್ತಿ ಪರೀಕ್ಷಿಸತಕ್ಕದ್ದು; ಚಳಿಯೆಂದು ಅಡುಗೆಯ ಒಲೆಯನ್ನು ಹಚ್ಚಿ ಮೈ ಕಾಯಿಸಿಕೊಳ್ಳುವುದು ಪ್ರಾಣಕ್ಕೆ ಅಪಾಯ.

ಯೆಲ್ಲೋಸ್ಟೋನ್ ಸರೋವರವು 7,733 ಅಡಿ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಬಿಸಿಯಾಗದು. ನೆರೆಯ ವಾಹನದ ದಂಪತಿಗಳು ಹುರುಳಿಕಾಯಿಯ ಬೀಜಗಳನ್ನು ಗಂಟೆಗಟ್ಟಲೆ ಕುದಿಸುತ್ತಿದ್ದಾಗ, ನಮ್ಮ ಮೂರು ಲೀಟರಿನ ಕುಕ್ಕರ್ ಸೀಟಿ ಹೊಡೆದು ಬೇಳೆ ಅನ್ನಗಳನ್ನು ಮುಗಿಸಿಕೊಟ್ಟಿತು. ಮುಚ್ಚಿದ ಒತ್ತಡದಲ್ಲಿ ನೀರಿನ ಶಾಖವು 115 ಡಿಗ್ರಿಯನ್ನು ದಾಟುವುದರಿಂದ ಎತ್ತರದ ಆಟವು ಅದರ ಮುಂದೆ ನಡೆಯದು. ಆ ದಂಪತಿಗಳು ಮರುದಿನ ಬಂದು ಕುಕ್ಕರನ್ನು ತಿರುಗಿಸಿ ತಿರುಗಿಸಿ ನೋಡಿದರು.

ದಾರಿಯ ಎಚ್ಚರ

ಡ್ರೈವರು ತನ್ನ ಕಣ್ಣೆದುರು ಅಂಟಿಸಿಕೊಳ್ಳಬೇಕಾದ ಚೀಟಿಯೊಂದುಂಟು: ತನ್ನ ವಾಹನದ ಎತ್ತರ. ನಾರ್ತ್ ಕ್ಯಾರೊಲೈನಾದ ಡರಮ್ ನಗರದಲ್ಲಿ 11 ಅಡಿ 8 ಅಂಗುಲ ಎತ್ತರದ ರೈಲು ಸೇತುವೆಯೊಂದು ಲಾರಿಗಳ ಮತ್ತು ಆರ್.ವಿ.ಗಳ ನೆತ್ತಿಯನ್ನು ಡಬ್ಬಿಯ ಮುಚ್ಚಳದಂತೆ ಸುಲಿದು ಪ್ರಖ್ಯಾತವಾಯಿತು. 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಿದ ಮೇಲೂ ತಗಲುವವರು ತಗಲುತ್ತಲೇ ಇದ್ದಾರೆ. ವಾಹನದ ಎತ್ತರ, ಉದ್ದ, ಭಾರಗಳನ್ನು ಮೊದಲೇ ಹೇಳಿಟ್ಟರೆ ತಕ್ಕ ದಾರಿಯನ್ನು ತೋರಿಸುವ ಜಿಪಿಎಸ್ ಯಂತ್ರಗಳು ಈಗ ದೊರೆಯುತ್ತವೆ. ಸ್ಟೇಬಲ್ಸನ ಸೇವಕನು ಮೂರುಗಾಲಿಯ ಮೇಲೆ ಮಾಡುತ್ತಿದ್ದ ಕೆಲಸವೇ ಅದು. ಕಾಡಿನಲ್ಲಿ ಫೋನಿನ ಸಂಪರ್ಕವಿರದಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಕಾಗದದ್ದೊಂದಿದ್ದರೆ ಇನ್ನೂ ಲೇಸು.

ಇಂತಹ ವಾಹನದ ಹಿಂಭಾಗದಲ್ಲಿ ಜೋಡಿ ಚಕ್ರಗಳಿರುತ್ತವೆ. ಒಳಗಿನ ಟಯರಿನಲ್ಲಿ ಗಾಳಿ ಇಳಿದರೂ ಹೊರಗಿನದು ಅದನ್ನು ಮರೆಮಾಚುತ್ತದೆ. ಪ್ರತಿ ಟಯರಿನ ಒತ್ತಡವನ್ನೂ ಡ್ರೈವರಿಗೆ ಸಾರುವ ಮಾಪಕಕ್ಕೆ ಹಣ ಕೊಟ್ಟರೆ ವ್ಯರ್ಥವಲ್ಲ. ಟಯರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳುಂಟು: 2319 ಎಂದಿದ್ದರೆ 2019ರ 23ನೆಯ ವಾರ ಹುಟ್ಟಿದ್ದೆಂದು ಅರ್ಥ. ಸವೆಯದಿದ್ದರೂ ವಯಸ್ಸಾದ ಟಯರು ಸಿಡಿಯಬಲ್ಲುದು. ಕಾರಿನ ಹಿಂದೆ ಮನೆಗಾಡಿಯನ್ನು ಎಳೆಯುವವರು ಅದರ ಒಟ್ಟು ಭಾರದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು. ಹಿಂಭಾರವಾದರೆ ಗಾಡಿಯು ಹೆದ್ದಾರಿಯಲ್ಲಿ ಬಾಲ ಬೀಸತೊಡಗುತ್ತದೆ.

ಹೊರಡುವ ಮುನ್ನ ಮೆಟ್ಟಿಲು, ಬಿಸಿಲಚಪ್ಪರ, ಮೇಲಿನ ಗವಾಕ್ಷಿ, ತಂತಿ, ಕೊಳವೆ, ಅಡೆ ಇವುಗಳ ಪಟ್ಟಿಯನ್ನು ಒಬ್ಬರು ಓದುವುದು, ಮತ್ತೊಬ್ಬರು ಮುಟ್ಟಿ ನೋಡುವುದು ಒಳ್ಳೆಯ ಪದ್ಧತಿ. ಎರಡನೆಯ ದಿನ ನಾವು ಓದದೆ ಹೊರಟೆವು. ಮೊದಲ ತಿರುವಿನಲ್ಲಿಯೇ ಕಪಾಟು ತೆರೆದು ಒಂದು ಸೇರು ಹುಳಿಪುಡಿ ಹಾಸಿಗೆಯ ಮೇಲೆ ಚೆಲ್ಲಿತು. ಕಪಾಟಿನ ತಳಕ್ಕೆ ಹಾಸುವ ರಬ್ಬರಿನ ಜಾಳಿಗೆಹಾಸು ಅಗ್ಗದ್ದು. ಪಾತ್ರೆ ಜಾರದಂತೆ ಅದು ಹಿಡಿದಿಡುತ್ತದೆ.

ಕರಡಿಯ ನೆರೆಯಲ್ಲಿ

ಯೆಲ್ಲೋಸ್ಟೋನಿನಲ್ಲಿ ಮೂರು ಹುಕಪ್ಪುಗಳೂ ಇರುವ ಶಿಬಿರವೆಂದರೆ ಫಿಶಿಂಗ್ ಬ್ರಿಜ್ ಒಂದೇ. ಗ್ರಿಜ್ಲಿ ಕರಡಿಗಳು ಸುಳಿಯುವ ಸ್ಥಳವಾದುದರಿಂದ ಅಲ್ಲಿ ಬಟ್ಟೆಯ ಡೇರೆಗೆ ಅವಕಾಶವಿಲ್ಲ. ಗಟ್ಟಿಗೋಡೆಯ ವಾಹನಕ್ಕೆ ಮಾತ್ರ ಪ್ರವೇಶ. ಅನ್ನದ ತಪ್ಪಲೆಯಿರಲಿ, ಹಲ್ಲುಪುಡಿಯಿರಲಿ, ವಾಸನೆಯಿರುವ ಯಾವುದನ್ನೂ ಹೊರಗೆ ಬಿಡಕೂಡದು. ಕರಡಿ, ತೋಳ ಮೊದಲಾದವುಗಳಿಂದ 100 ಗಜ, ಮಿಕ್ಕ ಪ್ರಾಣಿಗಳಿಂದ 25 ಗಜ ದೂರವಿರಬೇಕೆಂಬುದು ಕಟ್ಟಳೆ. ರಾತ್ರಿ ಹೊರಗೆ ಹೋಗುವಾಗ ಕೈಗಳೆರಡೂ ಬಿಡುವಾಗಿರುವಂತೆ ಹಣೆಗೆ ಕಟ್ಟಿಕೊಳ್ಳುವ ದೀಪವು ಬಹಳ ಉಪಕಾರಿ. ಅದರ ಬೆಳಕಿನಲ್ಲಿ ನಾನು ಕಂಡುದು ಕರಡಿಯನ್ನಲ್ಲ, ನನ್ನಂತೆಯೇ ನಿದ್ದೆಬಾರದೆ ತಿರುಗುತ್ತಿದ್ದ ಮತ್ತೊಬ್ಬ ಅಜ್ಜನನ್ನು.

ಮಕ್ಕಳ ಮನೆಗೆ ಹೋಗಿ ಇಂತಹ ಪ್ರವಾಸಕ್ಕೆ ಸಿದ್ಧರಾಗುವ ಓದುಗರಿಗೆ ಕೊನೆಯದಾಗಿ ಹೇಳುವುದಿಷ್ಟು. ಕೊಳ್ಳುವ ಮೊದಲು ಬಾಡಿಗೆಗೆ ಪಡೆಯಿರಿ. ಮೊದಲ ರಾತ್ರಿಯನ್ನು ಪೇಟೆಗೆ ಹತ್ತಿರವಾದ ಸ್ಥಳದಲ್ಲಿ ಕಳೆಯಿರಿ, ಮರೆತದ್ದು ಆಗ ತಿಳಿಯುವುದು. ವಾಹನದ ಬಾಗಿಲ ಬಳಿ ಅದು ಎಷ್ಟು ಭಾರ ಹೊರಬಲ್ಲುದೆಂಬ ಚೀಟಿಯಿರುತ್ತದೆ, ಓದಿರಿ. ನಾವು ಹೊರಡುವಾಗ ಅಂಗಡಿಯಿಂದ ಎರಡು ಪೆಟ್ಟಿಗೆ ತುಂಬ ಪರಿಕರಗಳನ್ನು ತಂದಿದ್ದೆವು. ಒಂಬತ್ತು ದಿನವೂ ಕೈಗೆ ಬಂದವು ಐದು: ರಸಮಟ್ಟ, ಒತ್ತಡ ನಿಯಂತ್ರಕ, ಕೈಗವಸು, ಟಯರಿನ ಮಾಪಕ, ಕುಕ್ಕರು. ಐದೂ ಒಂದು ಕೈಚೀಲದಲ್ಲಿ ಹಿಡಿದವು.